ದೂರದ ಗಣಿಗೆ ಶಕ್ತಿ ಎಲ್ಲಿಂದ?

ಅದಿರು ದೊರೆಯುವ ಸ್ಥಳದಲ್ಲಿಯೇ ಇಂಧನವೂ ದೊರೆಯಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಆದುದರಿಂದ ದೂರದಲ್ಲಿ ಗಣಿ ತೆರೆಯುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ, ಯಂತ್ರಗಳನ್ನು ನಡೆಸುವ ಶಕ್ತಿ ಎಲ್ಲಿಂದ ಬರಬೇಕೆಂಬುದು. ಕೋಲಾರದ ಚಿನ್ನದ ಗಣಿಗಳು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡವೆಂಬುದನ್ನು ನಾವು ಪರಿಶೀಲಿಸೋಣ.

ಮೊದಲು ಅಲ್ಲಿ ದುಡಿಯುತ್ತಿದ್ದುದು ಉಗಿಯಂತ್ರಗಳು. ಅವುಗಳಿಗೆ ಬೇಕಾದ ಸೌದೆ, ಕಲ್ಲಿದ್ದಲುಗಳನ್ನು ಹೊರಗಿನಿಂದ ತರಿಸಬೇಕಾಗಿತ್ತು. ಗಣಿ ಆಳವಾದಂತೆಲ್ಲ ನೀರನ್ನು ಮೇಲೆತ್ತುವ, ಗಾಳಿಯನ್ನು ಒಳಗೂಡುವ, ಕೆಲಸಗಾರರನ್ನು ಇಳಿಸಿ ಏರಿಸುವ ಯಂತ್ರಗಳ ಹೊರೆ ಹೆಚ್ಚುತ್ತದೆ. ಇವು ನಿಂತರೆ ನಷ್ಟವಾಗುವುದು ಚಿನ್ನ ಮಾತ್ರವಲ್ಲ. ಕೆಳಗಿರುವವರ ಪ್ರಾಣಕ್ಕೇ ಅಪಾಯ.

1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಈ ಗಣಿಗಳಿಗೆ ವಿದ್ಯುತ್ತು ಹರಿಯಿತು. ಇಷ್ಟು ದೂರ ಸಾಗುವಾಗ ತಂತಿಯೇ ಬಿಸಿಯಾಗಿ ಶಕ್ತಿ ಸೋರಿಹೋಗುವುದಿಲ್ಲವೆ? ಹೋಗುತ್ತದೆ. ಆದರೆ ವೋಲ್ಟೇಜನ್ನು ಹತ್ತುಮಡಿ ಏರಿಸಿದರೆ ಅಷ್ಟೇ ಶಕ್ತಿಯನ್ನು ಹತ್ತನೆಯ ಒಂದು ಪಾಲು ಪ್ರವಾಹವು ಒಯ್ಯುತ್ತದೆ. ತಂತಿಯ ನಷ್ಟವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದು ಆರಿಸಿಕೊಂಡುದು 35,000 ವೋಲ್ಟು. ಆ ಕಾಲಕ್ಕೆ ಇದು ಬಹು ಧೈರ್ಯದ ಕೆಲಸವೆಂದೇ ಹೇಳಬೇಕು.

ಉರಿಸಿದ ಸೌದೆ ಬೂದಿಯಾಗುತ್ತದೆ. ನದಿಯ ನೀರಾದರೋ ಚಕ್ರವನ್ನು ತಿರುಗಿಸಿ ಮುಂದೆ ಹರಿಯುತ್ತದೆ, ಮರುವರ್ಷ ಮಳೆಯಾಗಿ ಮತ್ತೆ ಬರುತ್ತದೆ. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿದ್ದಳು. ಗಣಿಯ ಪಂಪುಗಳಿಗೆ ಬೇಸಿಗೆಯ ರಜೆಯಿಲ್ಲ! ಇಂಥ ಸ್ಥಳಕ್ಕೆ ಶಕ್ತಿಮೂಲವನ್ನು ಆರಿಸುವಾಗ ಅದರ ಅತ್ಯಧಿಕ ಉತ್ಪನ್ನವನ್ನಲ್ಲ, ಅತಿ ಕಡಿಮೆಯ ದಿನದ ಉತ್ಪನ್ನವನ್ನು ನೋಡಬೇಕು. 1911ರಲ್ಲಿ ಶಿವನಸಮುದ್ರದ ಮೇಲ್ಗಡೆ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾದುದಕ್ಕೆ ನೀರಾವರಿಯಂತೆಯೇ ಈ ವಿದ್ಯುತ್ತಿನ ಅಗತ್ಯವೂ ಕಾರಣವಾಗಿತ್ತು. ಕಟ್ಟೆಯೆಂದರೆ ಮಳೆಗಾಲದ ಶಕ್ತಿಯನ್ನು ಬೇಸಿಗೆಗೆ ಕೂಡಿಡುವ ಕಣಜ.

ಕೋಲಾರದ ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಲೆಕ್ಕದ ರೀತಿ ಬದಲಾಗಿಲ್ಲ. ಇಂದು ತಂತಿಯೇ ತಲಪದ ಒಂದು ಗಣಿಗೆ ಹಗಲಿರುಳೂ 1,000 ಕಿಲೋವ್ಯಾಟ್ ಬೇಕೆನ್ನೋಣ. ದಿನಕ್ಕೆ 24,000 ಯೂನಿಟ್ ಆಯಿತು. ಬಿಸಿಲು ಪೂರ್ಣಬಲದ 5 ಗಂಟೆಗಳಿಗೆ ಸಮನಾಗಿ ಬೀಳುವುದಾದರೆ 1,000 ಅಲ್ಲ, 4,800 ಕಿಲೋವ್ಯಾಟಿನ ಸೌರಫಲಕಗಳು ಬೇಕು. ಆ 5 ಗಂಟೆಗಳಲ್ಲಿ ಗಣಿ ಬಳಸುವ 5,000 ಯೂನಿಟ್ ಕಳೆದು, ಉಳಿದ 19,000 ಯೂನಿಟ್ಟನ್ನು ಬ್ಯಾಟರಿಯಲ್ಲಿ ಕೂಡಿಡಬೇಕು. ಕೂಡಿಡುವಾಗಲೂ ತೆಗೆಯುವಾಗಲೂ ಆಗುವ ನಷ್ಟವನ್ನು ನಾವಿಲ್ಲಿ ಬಿಟ್ಟಿದ್ದೇವೆ. ಮೂರು ದಿನ ಮೋಡ ಕವಿದರೆ ಈ ಕಣಜವೂ ಸಾಲದು. ಅದಕ್ಕಾಗಿಯೇ ಇಂಥ ಕಡೆಗಳಲ್ಲಿ ಬಿಸಿಲಿನ ಜೊತೆಗೆ ಗಾಳಿಯಂತ್ರವನ್ನು ಸೇರಿಸುತ್ತಾರೆ. ಡೀಸೆಲ್ ಎಂಜಿನನ್ನೂ ಸಿದ್ಧವಾಗಿಟ್ಟಿರುತ್ತಾರೆ.