ಉಗ್ಗುವ ಮಗ, ಅಣಕಿಸುವ ಸಹಪಾಠಿಗಳು

ಪ್ರಶ್ನೆ: ನಮ್ಮದು ಕಡಬದ ಹತ್ತಿರ. ಐದನೇ ತರಗತಿಯ ಮಗ ಮಾತಾಡುವಾಗ ಉಗ್ಗುತ್ತಾನೆ. ಸಹಪಾಠಿಗಳು ಅಣಕಿಸುವುದರಿಂದ ದಿನವೂ ಬೆಳಿಗ್ಗೆ ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಾನೆ. ಏನು ಮಾಡಲಿ?

ಉತ್ತರ: ಅವನ ಹೊಟ್ಟೆನೋವನ್ನು ನಾಟಕವೆನ್ನಬೇಡಿ, ಹೆದರಿದ ಮಕ್ಕಳಿಗೆ ನಿಜವಾಗಿಯೂ ನೋಯುತ್ತದೆ. ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ. ಯಾರು, ಎಲ್ಲಿ ಅಣಕಿಸಿದರೆಂದು ಅವನು ಹೇಳಿದಷ್ಟನ್ನೇ ಬರೆದುಕೊಂಡು ತರಗತಿ ಶಿಕ್ಷಕರನ್ನು ಕಾಣಿ. ಆ ಮಕ್ಕಳ ಮನೆಗೆ ಜಗಳಕ್ಕೆ ಹೋಗಬೇಡಿ, ಮರುದಿನ ಅದನ್ನು ಅನುಭವಿಸುವವನು ಇವನೇ. ಸರಿಯಾಗದಿದ್ದರೆ ಮುಖ್ಯೋಪಾಧ್ಯಾಯರಿಗೆ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡಿ. ಹೊಡೆತ, ಬೆದರಿಕೆ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಅರ್ಜೆಂಟೀನಾದ ‘ಇಯಾನ್’ (2018) ಎಂಬ ಆನಿಮೇಷನ್ ಕಿರುಚಿತ್ರವನ್ನು ತರಗತಿಯಲ್ಲಿ ತೋರಿಸಲು ಶಿಕ್ಷಕರನ್ನು ಕೇಳಿ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗನೊಬ್ಬ ಆಟದ ಮೈದಾನದ ಬೇಲಿಯಾಚೆಯೇ ಉಳಿಯುವ ಕತೆ. ಚಿತ್ರದಲ್ಲಿ ಮಾತಿಲ್ಲ, ಹಾಗಾಗಿ ಮನೆಯಲ್ಲಿ ತುಳು, ಬ್ಯಾರಿ, ಅರೆಭಾಷೆ ಆಡುವವರಿಗೂ ದಕ್ಕುತ್ತದೆ. ಆದರೆ ಆಗ ನಿಮ್ಮ ಮಗನ ಹೆಸರೆತ್ತಲೇಬಾರದು. ಎತ್ತಿದರೆ ಹೊಸ ಅಡ್ಡಹೆಸರು ಹುಟ್ಟುತ್ತದೆ!

ಉಗ್ಗಿಗೆ ವಾಕ್ ಚಿಕಿತ್ಸಕರು ಬೇಕು. ಮಂಗಳೂರಿನಲ್ಲಿದ್ದಾರೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಮನೆಯಲ್ಲಿ ಅವನ ವಾಕ್ಯವನ್ನು ನೀವು ಮುಗಿಸಬೇಡಿ, ಕಾಯಿರಿ. ನಿದ್ದೆ, ಊಟ ಕೆಟ್ಟರೆ ಮನೋವೈದ್ಯರನ್ನು ಕಾಣಿ. ಸಾಯುವ ಮಾತಾಡಿದರೆ ಅದೇ ದಿನ ಕರೆದೊಯ್ಯಿರಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ರಾತ್ರಿಯೂ ಸಿಗುತ್ತದೆ.