ಗುಜರಿಯಲ್ಲಿ ಬಂದ ಲೋಹ

ಅಕ್ಕಂದಿರೇ, ಪೀಣ್ಯದ ಕಡೆ ಗುಜರಿ ಅಂಗಡಿ ನೋಡಿದ್ದೀರಿ. ಕಬ್ಬಿಣ, ತಾಮ್ರ, ಸೀಸ ಎಲ್ಲಾ ಅಲ್ಲಿ ಬಂದು ಬೀಳುತ್ತೆ. ಅದನ್ನು ಆಯುವವರಲ್ಲಿ ಹೆಂಗಸರೂ ಇದ್ದಾರೆ. ಈ ಪಾಠವನ್ನು ಅವರು ಮೊದಲು ಓದಬೇಕು.

2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಒಂದು ಹಳೆಯ ಯಂತ್ರ ಬಂತು. ಅದು ದೆಹಲಿ ವಿಶ್ವವಿದ್ಯಾಲಯದ್ದು. 1985ರಿಂದ ಯಾರೂ ಅದನ್ನು ಬಳಸಿರಲಿಲ್ಲ. ಹರಾಜಿನಲ್ಲಿ ಮಾರಿಬಿಟ್ಟಿದ್ದರು. ಗುಜರಿಯವರು ಅದನ್ನು ಒಡೆದರು. ಒಳಗೆ ಕೋಬಾಲ್ಟ್-60 ಎಂಬ ಲೋಹ ಇತ್ತು. ಮುಟ್ಟಿದವರ ಚರ್ಮ ಸುಟ್ಟಂತಾಯಿತು. ಹಲವರು ಆಸ್ಪತ್ರೆ ಸೇರಿದರು. ಒಬ್ಬ ಕೆಲಸಗಾರ ತೀರಿಕೊಂಡ.

ಬೆಂಕಿ ಇಲ್ಲ, ಹೊಗೆ ಇಲ್ಲ. ಮತ್ತೆ ಸುಟ್ಟಿದ್ದು ಯಾವುದು?

ಆ ಲೋಹದಿಂದ ಕಿರಣಗಳು ಹೊರಡುತ್ತವೆ. ಇದಕ್ಕೆ ವಿಕಿರಣ ಅಂತಾರೆ. ಕಣ್ಣಿಗೆ ಕಾಣೋದಿಲ್ಲ, ವಾಸನೆಯೂ ಇಲ್ಲ. ಕ್ಯಾನ್ಸರ್ ಗಡ್ಡೆಯನ್ನು ಸುಡಲು ಡಾಕ್ಟರು ಬಳಸುವುದೂ ಇಂಥದೇ ಕಿರಣ. ಅಲ್ಲಿ ಅಳತೆ ಇರುತ್ತೆ. ಗುಜರಿಯಲ್ಲಿ ಅಳತೆ ಎಲ್ಲಿ ಬಂತು?

ಲೋಹದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪರಮಾಣುಗಳಿವೆ. ಒಂದೊಂದೇ ಪರಮಾಣು ಕಿರಣ ಬಿಟ್ಟು ನಿಕ್ಕಲ್ ಆಗುತ್ತೆ. ಬಾಣಲೆಯಲ್ಲಿ ಜೋಳ ಅರಳುವುದನ್ನು ನೆನೆಸಿಕೊಳ್ಳಿ. ಯಾವ ಕಾಳು ಯಾವಾಗ ಸಿಡಿಯುತ್ತೆ ಅಂತ ಹೇಳೋಕಾಗಲ್ಲ. ಆದರೆ ಅರ್ಧ ಕಾಳು ಸಿಡಿಯಲು ಎಷ್ಟು ಹೊತ್ತು ಬೇಕು ಅಂತ ಹೇಳಬಹುದು. ಕೋಬಾಲ್ಟ್-60ರಲ್ಲಿ ಅರ್ಧ ಪರಮಾಣು ಹೀಗೆ ಬದಲಾಗಲು ಸುಮಾರು ಐದೂಕಾಲು ವರ್ಷ ಬೇಕು. ಇದೇ ಅದರ ಅರ್ಧಾಯು. ಜೋಳಕ್ಕೆ ಉರಿ ಹೆಚ್ಚಿಸಿದರೆ ಬೇಗ ಅರಳುತ್ತೆ. ಇದು ಹಾಗಲ್ಲ. ಕುಲುಮೆಗೆ ಹಾಕಿ, ನೀರಲ್ಲಿ ತೊಳೆಯಿರಿ, ಅದರ ಕಾಲ ಅದಕ್ಕೇ.

ಮೊದಲು 32 ರೂಪಾಯಿಯಷ್ಟು ಶಕ್ತಿ ಇತ್ತು ಅನ್ನೋಣ. ಐದೂಕಾಲು ವರ್ಷಕ್ಕೆ 16 ಉಳಿಯಿತು. ಇನ್ನೊಂದು ಐದೂಕಾಲಿಗೆ 8. ಆಮೇಲೆ 4, 2, 1. ಒಂದು ರೂಪಾಯಿಗೆ ಬರಲು 26 ವರ್ಷ ಹಿಡಿಯಿತು. ಲೋಹ ಮಾತ್ರ ಅಷ್ಟೇ ದಪ್ಪ ಕಾಣುತ್ತೆ! ಮಾಯಾಪುರಿಯ ಯಂತ್ರ 25 ವರ್ಷ ಸುಮ್ಮನೆ ಬಿದ್ದಿತ್ತು. ಉಳಿದ ಒಂದು ರೂಪಾಯಿಯೇ ಒಂದು ಜೀವ ತೆಗೆಯಿತು. "ಹಳೇದು, ಏನಾಗಲ್ಲ ಬಿಡು" ಅನ್ನುವ ಮಾತು ಇಲ್ಲಿ ನಡೆಯೋದಿಲ್ಲ.

ಹಳದಿ ಬಣ್ಣದ ಮೇಲೆ ಫ್ಯಾನಿನ ಹಾಗೆ ಮೂರು ರೆಕ್ಕೆಯ ಗುರುತು ಕಂಡರೆ ಮುಟ್ಟಬೇಡಿ. ಸೀಸಕ್ಕೆ ಒಳ್ಳೆ ರೇಟು ಸಿಗುತ್ತೆ ಅಂತ ಭಾರದ ಡಬ್ಬಿ ಒಡೆಯಬೇಡಿ. ಆ ಸೀಸವೇ ಕಿರಣವನ್ನು ತಡೆದಿಟ್ಟಿರುತ್ತೆ. ದೂರ ಹೋಗಿ, ಮಕ್ಕಳನ್ನೂ ಕರೆದುಕೊಳ್ಳಿ. 112ಕ್ಕೆ ಫೋನ್ ಮಾಡಿ.

ಲೆಕ್ಕ ಮಾಡಿ: ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಸರಿಯಿದೆಯೇ ಅಂತ ನೋಡಲು ಇರಿಡಿಯಂ-192 ಬಳಸುತ್ತಾರೆ. ಅದರ ಅರ್ಧಾಯು ಸುಮಾರು 74 ದಿನ. ಇವತ್ತು 100 ರೂಪಾಯಿಯಷ್ಟು ಶಕ್ತಿ ಇದ್ದರೆ, 148 ದಿನದ ಮೇಲೆ ಎಷ್ಟು ಉಳಿಯುತ್ತೆ?