ಹೊಟ್ಟೆ ಚಿಕ್ಕದಾಯಿತು, ದೇಹದ ಅಗತ್ಯ ಚಿಕ್ಕದಾಗಲಿಲ್ಲ
(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಆರೋಗ್ಯ ಪಾಠ)



ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆ ಅಂದರೆ ಹಿಂದೆ ದುಡ್ಡಿದ್ದವರ ಮಾತಾಗಿತ್ತು. ಈಗ ಹಾಗಿಲ್ಲ. ಸಕ್ಕರೆ ಕಾಯಿಲೆ, ಮಂಡಿ ನೋವು, ಉಸಿರಾಟದ ತೊಂದರೆಯಿಂದ ಬೇಸತ್ತು, ವೈದ್ಯರ ಸಲಹೆಯಂತೆ ಈ ಆಪರೇಷನ್ ಮಾಡಿಸಿಕೊಂಡ ಹೆಣ್ಣುಮಕ್ಕಳು ನಮ್ಮ ನಡುವೆಯೂ ಇದ್ದಾರೆ. ಅವರಲ್ಲಿ ಕೆಲವರು ಆಸ್ಪತ್ರೆಯಲ್ಲಿ ನರ್ಸ್ ಅಥವಾ ಆಯಾ ಆಗಿ, ಕಾರ್ಖಾನೆಯಲ್ಲಿ ಕಾರ್ಮಿಕರಾಗಿ ರಾತ್ರಿ ಪಾಳಿ ದುಡಿಯುವವರು. "ಆಪರೇಷನ್ ಆಯ್ತಲ್ಲ, ಇನ್ನೇನು?" ಅಂತ ಮನೆಯವರು ಕೇಳ್ತಾರೆ. ಆ "ಇನ್ನೇನು" ಎಂಬುದೇ ಈ ಪಾಠ. ಆಪರೇಷನ್ ಒಂದು ದಿನದ್ದು. ಆಮೇಲಿನ ಊಟ, ನೀರು, ಮಾತ್ರೆಗಳ ಶಿಸ್ತು ಜೀವನಪೂರ್ತಿ ಇರುವಂಥದ್ದು.

1. ಒಳಗೆ ಏನು ಬದಲಾಗುತ್ತದೆ?

ನಮ್ಮಲ್ಲಿ ಹೆಚ್ಚಾಗಿ ಮಾಡುವುದು ಎರಡು ವಿಧ. ಒಂದರಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯಷ್ಟನ್ನು ಉಳಿಸುತ್ತಾರೆ. ಇದಕ್ಕೆ ಸ್ಲೀವ್ ಅನ್ನುತ್ತಾರೆ. ಇನ್ನೊಂದು ಬೈಪಾಸ್. ಇದರಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ತಿನ್ನುವ ಪ್ರಮಾಣ ಕಡಿಮೆಯಾಗುತ್ತದೆ. ಬೈಪಾಸ್ ಆದವರಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಮೈಗೆ ಹತ್ತುವುದು ಇನ್ನೂ ಕಡಿಮೆ.

ಮೊದಲಿನ ಹಾಗೆ ಹಸಿವು ಬಂದು ನೆನಪಿಸುವುದಿಲ್ಲ. ಆದ್ದರಿಂದ "ಹಸಿವಾದಾಗ ತಿಂದರಾಯಿತು, ಬಾಯಾರಿದಾಗ ಕುಡಿದರಾಯಿತು" ಎಂಬ ಲೆಕ್ಕ ಇಲ್ಲಿ ನಡೆಯಲ್ಲ. ಹೊಟ್ಟೆಯನ್ನು ಕೇಳಬೇಡಿ, ಗಡಿಯಾರ ನೋಡಿ.

2. ದಿನಕ್ಕೆ ಎಷ್ಟು ಬೇಕು?

ಸಾಮಾನ್ಯವಾಗಿ ಹೇಳುವುದು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್, ಕನಿಷ್ಠ ಒಂದೂವರೆ ಲೀಟರ್ ನೀರು. ನಿಮ್ಮ ಆಹಾರ ತಜ್ಞರು ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ತೂಕ ಇಳಿದಿದೆ ಅಂತ ಎಲ್ಲರೂ ಹೊಗಳುತ್ತಿರುವಾಗ, ಅವಳಿಗೆ ಮೆಟ್ಟಿಲು ಹತ್ತಲೂ ಶಕ್ತಿ ಇರುವುದಿಲ್ಲ.

ರಾಗಿ ನಮ್ಮ ಮನೆಯ ಬಲ, ನಿಜ. ಕ್ಯಾಲ್ಸಿಯಂಗೆ ಬಹಳ ಒಳ್ಳೆಯದು. ಆದರೆ 30 ಗ್ರಾಂ ರಾಗಿ ಹಿಟ್ಟಿನ ಅಂಬಲಿಯಲ್ಲಿ ಪ್ರೋಟೀನ್ ಇರುವುದು ಸುಮಾರು 2 ಗ್ರಾಂ ಮಾತ್ರ. ಇರುವ ಸ್ವಲ್ಪ ಜಾಗವೆಲ್ಲ ಗಂಜಿಯಿಂದಲೇ ತುಂಬಿದರೆ ಮೊಟ್ಟೆ, ಮೀನು, ಕಾಳಿಗೆ ಜಾಗ ಎಲ್ಲಿ? ಅದಕ್ಕೇ ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಕೊನೆಗೆ ಅನ್ನ ಅಥವಾ ಮುದ್ದೆ.

3. ರಾತ್ರಿ ಪಾಳಿಯ ತೊಡಕು

ಹಗಲು ಮನೆಯವರ ಜೊತೆ ಊಟದ ಹೊತ್ತಿಗೆ ಇವಳು ಮಲಗಿರುತ್ತಾಳೆ. ರಾತ್ರಿ ಕೆಲಸದ ಗಡಿಬಿಡಿಯಲ್ಲಿ ಡಬ್ಬಿ ತೆರೆಯಲು ಪುರುಸೊತ್ತಿಲ್ಲ. ಬೆಳಗಿನ ಜಾವ ಕಣ್ಣು ಎಳೆಯುವಾಗ ಟೀ, ಬನ್ನು, ಬಿಸ್ಕತ್ತು ಕೈಗೆ ಸಿಗುತ್ತದೆ. ಮೀನು ಗಂಟಲಲ್ಲಿ ನಿಲ್ಲಬಹುದು, ಬಿಸ್ಕತ್ತು ಮಾತ್ರ ಕರಗಿ ಇಳಿದುಬಿಡುತ್ತೆ. ಬೈಪಾಸ್ ಆದವರು ಸಿಹಿ ತಿಂದರೆ ಬೆವರು, ಎದೆ ಬಡಿತ, ಭೇದಿ ಆಗಬಹುದು.

ಪರಿಹಾರ ಇಷ್ಟೇ: ನಿಮ್ಮ ದಿನ ಸೂರ್ಯ ಹುಟ್ಟಿದಾಗ ಅಲ್ಲ, ನೀವು ಎದ್ದಾಗ ಶುರುವಾಗುತ್ತದೆ. ರಾತ್ರಿ 8ರಿಂದ ಬೆಳಗ್ಗೆ 8ರ ಪಾಳಿಯವರಿಗೆ ಒಂದು ಮಾದರಿ ಇಲ್ಲಿದೆ. ಇದು ವೈದ್ಯರು ಗಟ್ಟಿ ಆಹಾರಕ್ಕೆ ಅನುಮತಿ ಕೊಟ್ಟ ಮೇಲೆ ಮಾತ್ರ. ಮೊದಲ ವಾರಗಳಲ್ಲಿ ದ್ರವ, ನಂತರ ಮೆತ್ತನೆಯ ಆಹಾರ ಎಂಬ ಕ್ರಮವನ್ನು ಯಾರೂ ತಪ್ಪಿಸಬಾರದು.

ಸಂಜೆ 4.30: ಬೇಯಿಸಿದ 2 ಮೊಟ್ಟೆ – 12 ಗ್ರಾಂ
ಸಂಜೆ 7: ಮುಳ್ಳು ತೆಗೆದ ಮೀನು 60 ಗ್ರಾಂ, ಸ್ವಲ್ಪ ಪಲ್ಯ – 12 ಗ್ರಾಂ
ರಾತ್ರಿ 11: ಗಟ್ಟಿ ಮೊಸರು 100 ಗ್ರಾಂ – 3 ಗ್ರಾಂ
ರಾತ್ರಿ 2: ಚೆನ್ನಾಗಿ ಬೆಂದ ಹೆಸರುಕಾಳಿನ ಉಸಲಿ ಅರ್ಧ ಬಟ್ಟಲು – 7 ಗ್ರಾಂ
ಬೆಳಗಿನ ಜಾವ 5: ಬಿಸಿನೀರಿಗೆ ಹಾಲಿನ ಪುಡಿ ಕಲಸಿ ಒಂದು ಲೋಟ ಹಾಲು – 6 ಗ್ರಾಂ
ಬೆಳಗ್ಗೆ 8.30: ಪನೀರ್ 50 ಗ್ರಾಂ – 9 ಗ್ರಾಂ

ಕೂಡಿಸಿ ನೋಡಿ, ಸುಮಾರು 49 ಗ್ರಾಂ ಆಯಿತು. ಇಷ್ಟು ಜಾಗ್ರತೆಯಿಂದ ತಿಂದರೂ 11 ಗ್ರಾಂ ಕಡಿಮೆ! ಆಸ್ಪತ್ರೆಯವರು ಪ್ರೋಟೀನ್ ಪುಡಿ ಬರೆದುಕೊಡುವುದು ಇದಕ್ಕೇ. ಅದು ಶೋಕಿ ಅಲ್ಲ. ಮೊಟ್ಟೆ, ಮೀನು ತಿನ್ನದವರಿಗೆ ಪುಡಿಯ ಪಾಲು ಇನ್ನೂ ಹೆಚ್ಚು ಬೇಕಾಗುತ್ತದೆ, ತಜ್ಞರನ್ನು ಕೇಳಿ. ಸಣ್ಣ ತುತ್ತು, ನುಣ್ಣಗೆ ಅಗಿಯಿರಿ. "ಸಾಕು" ಅನ್ನಿಸಿದಲ್ಲಿ ನಿಲ್ಲಿಸಿ, ಒಂದು ತುತ್ತು ಹೆಚ್ಚಾದರೂ ವಾಂತಿ ಬರಬಹುದು.

4. ನೀರು: ಮೂರು ಬಾಟ್ಲಿಯ ಲೆಕ್ಕ

ಒಂದೇ ಸಲ ಒಂದು ಚೆಂಬು ಎತ್ತಿ ಕುಡಿಯುವ ಕಾಲ ಮುಗಿಯಿತು. ಗುಟುಕು ಗುಟುಕಾಗಿ ಕುಡಿಯಬೇಕು. ಅರ್ಧ ಲೀಟರಿನ ಬಾಟ್ಲಿ ಇಟ್ಟುಕೊಳ್ಳಿ. ಎದ್ದಾಗಿನಿಂದ ಪಾಳಿಗೆ ಹೋಗುವವರೆಗೆ ಒಂದು, ನಡುರಾತ್ರಿಯವರೆಗೆ ಎರಡನೆಯದು, ಬೆಳಗ್ಗೆ ಪಾಳಿ ಮುಗಿಯುವ ಮುಂಚೆ ಮೂರನೆಯದು. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಶುರು ಮಾಡಿ. ನೀರು ಮಜ್ಜಿಗೆ, ಸಕ್ಕರೆ ಇಲ್ಲದ ತಿಳಿ ಪಾನಕ ಲೆಕ್ಕಕ್ಕೆ ಸೇರುತ್ತದೆ. ಸೋಡಾ, ಬಾಟ್ಲಿ ಜ್ಯೂಸ್ ಬೇಡ. ನಡುರಾತ್ರಿ ದಾಟಿದ ಮೇಲೆ ಕಾಫಿ, ಟೀ ಬಿಟ್ಟರೆ ಬೆಳಗ್ಗೆ ನಿದ್ದೆಗೂ ಒಳ್ಳೆಯದು.

ಹೆಂಗಸರು ನೀರು ಕುಡಿಯದಿರುವುದಕ್ಕೆ ಇನ್ನೊಂದು ಕಾರಣ ನಮಗೆಲ್ಲ ಗೊತ್ತು. ಶೌಚಾಲಯ ದೂರ, ಕತ್ತಲೆ, ಕೊಳಕು. "ಹೋಗೋದೇ ಬೇಡ" ಅಂತ ಬಾಯಿ ಕಟ್ಟಿಕೊಳ್ಳುತ್ತೇವೆ. ಈ ಆಪರೇಷನ್ ಆದವರಿಗೆ ಅದು ಬಹಳ ಅಪಾಯ. ಕುಡಿಯುವ ನೀರು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆಯಲಾಗಿತ್ತು. ಅದನ್ನು ಕೇಳುವುದು ಬೇಡಿಕೊಳ್ಳುವುದಲ್ಲ. ಒಬ್ಬಳೇ ಕೇಳಲು ಅಂಜಿದರೆ ಪಾಳಿಯ ನಾಲ್ಕು ಜನ ಸೇರಿ ಕೇಳಿ.

5. ಮಾತ್ರೆಗಳು

ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಬಿ12, ವಿಟಮಿನ್ ಡಿ: ವೈದ್ಯರು ಬರೆದದ್ದನ್ನು ಚೆನ್ನಾಗಿದ್ದೇವೆ ಅಂತ ನಿಲ್ಲಿಸಬೇಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ, ನಡುವೆ 2 ಗಂಟೆ ಬಿಡಿ. ಮೇಲಿನ ಮಾದರಿಯಲ್ಲಿ ಕಬ್ಬಿಣವನ್ನು ಸಂಜೆ 7ಕ್ಕೆ, ಕ್ಯಾಲ್ಸಿಯಂ ಅನ್ನು ರಾತ್ರಿ 11ಕ್ಕೆ ಮತ್ತು ಬೆಳಗ್ಗೆ 8.30ಕ್ಕೆ ಇಡಬಹುದು. ಕಬ್ಬಿಣದ ಮಾತ್ರೆಯ ಜೊತೆ ಟೀ, ಕಾಫಿ ಬೇಡ. ಸಕ್ಕರೆ, ಬಿ.ಪಿ. ಮಾತ್ರೆಯ ಪ್ರಮಾಣ ಕಡಿಮೆಯಾಗಬೇಕಾಗಬಹುದು, ಅದನ್ನು ವೈದ್ಯರೇ ನೋಡಲಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಹುಣ್ಣಾಗುವ ಭಯವಿದೆ. ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸದಿರುವುದು ಒಳ್ಳೆಯದು.

6. ಬರೀ ಗ್ಲೂಕೋಸ್ ಬಾಟ್ಲಿ ನಂಬಬೇಡಿ

ಇದನ್ನು ಎರಡು ಸಲ ಓದಿ. ಮೂತ್ರ ಕಡು ಹಳದಿಯಾಗಿ ಕಡಿಮೆಯಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ಮೈಯಲ್ಲಿ ನೀರಿಲ್ಲ ಅಂತ ಅರ್ಥ. ಕುಡಿದ ನೀರೂ ನಿಲ್ಲದೆ ವಾಂತಿಯಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ವಾಂತಿ ದಿನಗಟ್ಟಲೆ ಮುಂದುವರಿದರೆ ದೇಹದಲ್ಲಿ ಬಿ1 ಎಂಬ ವಿಟಮಿನ್ ಬರಿದಾಗುತ್ತದೆ. ಆಗ ನಡಿಗೆ ತೂರಾಡುತ್ತದೆ, ಕಾಲು ಜೋಮು ಹಿಡಿಯುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ಗೊಂದಲವಾಗುತ್ತದೆ. "ನಿಶ್ಶಕ್ತಿ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿದರೆ ಸರಿ ಹೋಗುತ್ತೆ" ಅನ್ನುವುದು ನಮ್ಮ ಊರುಗಳ ರೂಢಿ. ಬಿ1 ಇಲ್ಲದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೇ ಶಾಶ್ವತ ಹಾನಿಯಾಗಬಹುದು. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಮೊದಲ ಮಾತು ಇದಾಗಿರಲಿ: "ನನಗೆ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ, ಬಿ1 ಬೇಕಾ ನೋಡಿ." ಆಪರೇಷನ್ ಚೀಟಿಯ ಜೆರಾಕ್ಸ್ ಸದಾ ಪರ್ಸಿನಲ್ಲಿರಲಿ. ನಾಚಿಕೆಯಿಂದ ಮುಚ್ಚಿಟ್ಟರೆ ವೈದ್ಯರಿಗೆ ತಿಳಿಯುವುದಾದರೂ ಹೇಗೆ?

7. ಮನೆ ಮತ್ತು ಸಂಘದ ಪಾಲು

ಹಗಲು ಅವಳು ಮಲಗಿದಾಗ ಎಬ್ಬಿಸಬೇಡಿ, ನೆಂಟರು ಬಂದರೂ ಸರಿ. "ಇಷ್ಟೇನಾ ತಿನ್ನೋದು?" ಅಂತ ಒತ್ತಾಯ ಮಾಡಬೇಡಿ. ಮೊದಲ ತಿಂಗಳುಗಳಲ್ಲಿ ಕೂದಲು ಉದುರುವುದುಂಟು, ಅದಕ್ಕೆ ಚುಚ್ಚಿ ಮಾತಾಡಬೇಡಿ. ಮನೆಯಲ್ಲಿರುವ ಎರಡು ಮೊಟ್ಟೆ ಗಂಡಸರಿಗೆ, ಮಕ್ಕಳಿಗೆ ಅಂತ ಅವಳು ಎತ್ತಿಡುತ್ತಾಳೆ. ಅವಳ ಪಾಲು ಅವಳ ಔಷಧಿ ಎಂಬುದು ಅತ್ತೆಗೂ ಗಂಡನಿಗೂ ಗೊತ್ತಿರಬೇಕು.

ಸಂಘದಿಂದ ಇದಕ್ಕೆ ಸಾಲ ಕೇಳಿ ಬಂದರೆ ಆಸ್ಪತ್ರೆಯ ಬಿಲ್ ಒಂದನ್ನೇ ನೋಡಬೇಡಿ. ಪ್ರೋಟೀನ್ ಪುಡಿ, ತಿಂಗಳ ಮಾತ್ರೆ, ಮೊದಲ ವರ್ಷ ಹಲವು ಬಾರಿ ಮತ್ತು ಆಮೇಲೆ ಪ್ರತಿವರ್ಷ ರಕ್ತ ಪರೀಕ್ಷೆ, ಇವುಗಳ ಖರ್ಚನ್ನೂ ಬರೆಸಿ. ಕಂತು ಕಟ್ಟಲು ಮಾತ್ರೆ ನಿಲ್ಲಿಸುವಂತಾದರೆ ಸಾಲ ಕೊಟ್ಟೂ ನಾವು ಉಪಕಾರ ಮಾಡಿದಂತಾಗುವುದಿಲ್ಲ.

ಗುಂಪಿನಲ್ಲಿ ಚರ್ಚಿಸಿರಿ

1. ರಾತ್ರಿ ಪಾಳಿಗೆ ಹೋಗುವ ನಮ್ಮ ಸದಸ್ಯರು, ಅವರ ಹೆಣ್ಣುಮಕ್ಕಳು ಯಾರು? ಅವರ ಊಟ ಎಷ್ಟು ಹೊತ್ತಿಗೆ ಆಗುತ್ತದೆ?
2. ಅವರು ಕೆಲಸ ಮಾಡುವಲ್ಲಿ ನೀರು, ಶೌಚಾಲಯ ಹೇಗಿದೆ? ಇಲ್ಲದಿದ್ದರೆ ಯಾರನ್ನು ಕೇಳಬೇಕು?
3. ನಮ್ಮ ಮನೆಯಲ್ಲಿ ಮೊಟ್ಟೆ, ಮೀನು, ಹಾಲು ಮೊದಲು ಯಾರ ತಟ್ಟೆಗೆ ಹೋಗುತ್ತದೆ?
4. ವಾಂತಿ, ನಿಶ್ಶಕ್ತಿ ಎಂದಾಗ ವೈದ್ಯರಿಗೆ ಮೊದಲು ಏನು ಹೇಳಬೇಕು? ಒಬ್ಬೊಬ್ಬರಾಗಿ ಬಾಯಿಬಿಟ್ಟು ಹೇಳಿ ನೋಡಿ.

ತೀರ್ಮಾನವನ್ನು ಸಭೆಯ ಪುಸ್ತಕದಲ್ಲಿ ಬರೆದು, ಮುಂದಿನ ಸಭೆಯಲ್ಲಿ ಎಷ್ಟು ನಡೆಯಿತು ಎಂದು ನೋಡೋಣ.